ನಮ್ಮ ತಾಲೂಕು ನೂರಕ್ಕೆ ನೂರು: ಮನೆ ಗ್ರೂಪಲ್ಲಿ ಎದ್ದ ಚರ್ಚೆ

(ಗ್ರೂಪ್: ನಮ್ಮನೆ ಬಳಗ. 2021 ಡಿಸೆಂಬರ್ 3, ಶುಕ್ರವಾರ. ಅಕ್ಕ ದೊಡ್ಡಪ್ಪನ ಮಗಳು, ಲಸಿಕೆ ಹಾಕೋ ಕೆಲಸದಲ್ಲಿದಾಳೆ. ಅತ್ತೆ ದೊಡ್ಡಪ್ಪನ ತಂಗಿ, ಚಿಕ್ಕಪ್ಪನಿಗೆ ಅಕ್ಕ, ಇರೋದು ಬೆಂಗಳೂರಲ್ಲಿ)

ದೊಡ್ಡಪ್ಪ: (ಫಾರ್ವರ್ಡ್ ಆದ ಪೋಸ್ಟರ್) ಕೋವಿಡ್ ಲಸಿಕೆಯಲ್ಲಿ ನಮ್ಮ ತಾಲೂಕು ಶೇ 100 ಸಾಧನೆ! ಶ್ರಮಿಸಿದ ಎಲ್ಲರಿಗೂ ಅಭಿನಂದನೆಗಳು

ದೊಡ್ಡಪ್ಪ: ಎಲ್ರೂ ಸ್ಟೇಟಸ್ ಹಾಕ್ಕೊಳ್ಳಿ. ನಿನ್ನೆಯಿಂದ ಬೆಂಗಳೂರಲ್ಲಿ ಒಮಿಕ್ರಾನ್ ಅಂತ ಟಿವೀಲಿ ಒಂದೇ ಸಮ ಗಲಾಟೆ, ನಮ್ಮೂರವರಂತೂ ಇನ್ನು ಹೆದರೋ ಹಾಗಿಲ್ಲ

ತಮ್ಮ: ಸೂಪರ್ ದೊಡ್ಡಪ್ಪ

ನಾನು: ದೊಡ್ಡಪ್ಪ, ಪೋಸ್ಟರ್ ಕೆಳಗಡೆ ಸಣ್ಣಕ್ಷರದಲ್ಲಿ "ಮೊದಲ ಡೋಸ್" ಅಂತಿದೆ ನೋಡಿ. ಎರಡನೇದು ಎಷ್ಟಾಗಿದೆ ಅಂತ ಎಲ್ಲೂ ಇಲ್ವಲ್ಲ?

ದೊಡ್ಡಪ್ಪ: ಮೊದಲನೇದು ತಗೊಂಡೋರು ಎರಡನೇದು ತಗೊಳ್ದೇ ಇರ್ತಾರೇನೋ? ಒಳ್ಳೇ ಸುದ್ದಿ ಹಾಕಿದ್ರೂ ಅದ್ರಲ್ಲಿ ಹುಳುಕು ಹುಡುಕ್ಬೇಕಾ

ಅಕ್ಕ: ಇರ್ತಾರಪ್ಪ. ಬೇಕಾದಷ್ಟು ಜನ ಇದಾರೆ. ಡ್ಯೂಟೀಲಿದೀನಿ, ಆಮೇಲೆ ಬರೀತೀನಿ

ಚಿಕ್ಕಪ್ಪ: ನೂರು ಅನ್ನೋದೇ ಸುಳ್ಳು. ನಮ್ಮ ಬೀದೀಲೇ ಒಂದು ಡೋಸೂ ತಗೊಳ್ದೇ ಇರೋ ನಾಲ್ಕು ಮನೆ ಇದೆ, ಅವ್ರೇನು ಈ ತಾಲೂಕಿನವರಲ್ವಾ? ಇದಕ್ಕೇ ನಂಗೆ ಈ ವ್ಯಾಕ್ಸಿನ್ ವಿಷಯದಲ್ಲಿ ಯಾರು ಏನು ಹೇಳಿದ್ರೂ ನಂಬಿಕೆ ಬರಲ್ಲ

ಅತ್ತೆ: ಲೆಕ್ಕ ತಪ್ಪಿದ್ರೆ ಲೆಕ್ಕ ತಪ್ಪು ಅನ್ನು, ವ್ಯಾಕ್ಸಿನ್ ಹೆಂಗೆ ತಪ್ಪಾಗುತ್ತೆ

ಚಿಕ್ಕಪ್ಪ: ಅಕ್ಕ ನೀನು ಬೆಂಗಳೂರಲ್ಲಿ ಕೂತು ಹೇಳ್ತೀಯ. ಮೇ ತಿಂಗಳಲ್ಲಿ ಏನಾಯ್ತು ನೆನಪಿಸ್ಕೋ. 18 ದಾಟಿದ ಎಲ್ರಿಗೂ ಅಂದ್ರು, ನಮ್ಮ ರಾಜ್ಯದಲ್ಲಿ 10ನೇ ತಾರೀಕು ಶುರು ಮಾಡಿ 14ಕ್ಕೆ ನಿಲ್ಲಿಸಿಬಿಟ್ರು, ಸ್ಟಾಕೇ ಇಲ್ಲ ಅಂತ. ಕೋವಿಶೀಲ್ಡ್‌ಗೆ ಮೊದ್ಲು 4ರಿಂದ 6 ವಾರ ಗ್ಯಾಪ್ ಅಂದ್ರು, ಮಾರ್ಚಲ್ಲಿ 6ರಿಂದ 8 ವಾರ ಆಯ್ತು, ಮೇನಲ್ಲಿ 12ರಿಂದ 16 ವಾರ ಆಯ್ತು. ಹೇಳೋರಿಗೇ ಗೊತ್ತಿಲ್ಲದ್ದನ್ನ ನಾವು ಹೆಂಗೆ ನಂಬೋದು? ಇನ್ನೊಂದು, ಹಿಂದಿನ ಬೀದಿ ಯಜಮಾನ್ರು ಇಂಜೆಕ್ಷನ್ ತಗೊಂಡು ಒಂದು ವಾರ ಆಗಿತ್ತಷ್ಟೇ ಹೋಗ್ಬಿಟ್ರು

ತಮ್ಮ: ಧಾರವಾಡದ ಮೆಡಿಕಲ್ ಕಾಲೇಜಲ್ಲಿ ಹೋದ ತಿಂಗಳು ಇನ್ನೂರಕ್ಕಿಂತ ಜಾಸ್ತಿ ಜನಕ್ಕೆ ಪಾಸಿಟಿವ್ ಬಂತಲ್ಲ, ಅವ್ರಲ್ಲಿ ಸುಮಾರು ಜನ ಎರಡೂ ಡೋಸ್ ಆದೋರೇ. ಮತ್ತೆ ಎರಡನೇದು ತಗೊಂಡೂ ಏನು ಪ್ರಯೋಜನ

ನಾನು: ಅದೇ ಸುದ್ದೀನ ಪೂರ್ತಿ ಓದು. ಅಷ್ಟು ಜನಕ್ಕೆ ಬಂದ್ರೂ ಬಹುಪಾಲು ಜನಕ್ಕೆ ಲಕ್ಷಣವೇ ಇರ್ಲಿಲ್ಲ ಇಲ್ಲಾ ಸ್ವಲ್ಪ ನೆಗಡಿ ಕೆಮ್ಮು. ಏಪ್ರಿಲ್ ಮೇನಲ್ಲಿ ಇಷ್ಟು ಜನಕ್ಕೆ ಒಟ್ಟಿಗೆ ಬಂದಿದ್ರೆ ಆಕ್ಸಿಜನ್ ಬೆಡ್‌ಗೆ ಎಷ್ಟು ಜನ ಅಲೀಬೇಕಿತ್ತು ಅಂತ ಈ ಗ್ರೂಪಲ್ಲಿರೋ ಎಲ್ರಿಗೂ ಗೊತ್ತು. ಸೋಂಕೇ ಬರಲ್ಲ ಅಂತ ಯಾರೂ ಹೇಳಿಲ್ಲ, ಆಸ್ಪತ್ರೆ ಸೇರೋದು, ಸಾಯೋದು ಕಮ್ಮಿ ಆಗುತ್ತೆ ಅಂತ ಹೇಳಿರೋದು. ಅದೂ ಎರಡು ಡೋಸ್ ಆದ್ರೆ. ಎರಡನೇ ಅಲೆ ತಂದ ಡೆಲ್ಟಾ ತಳಿ ಮೇಲೆ ಒಂದೇ ಡೋಸಿನ ರಕ್ಷಣೆ ಎರಡು ಡೋಸಿಗಿಂತ ಬಹಳ ಕಮ್ಮಿ, ಅದಕ್ಕೇ ನಾನು ಪೋಸ್ಟರ್ ನೋಡಿದ ತಕ್ಷಣ ಎರಡನೇದು ಎಷ್ಟು ಅಂತ ಕೇಳಿದ್ದು, ಹುಳುಕು ಹುಡುಕೋಕಲ್ಲ ದೊಡ್ಡಪ್ಪ

ದೊಡ್ಡಪ್ಪ: ಸರಿ, ಆದ್ರೆ ನನ್ನ ಮಾತೂ ಕೇಳಿ. ಮಾರ್ಚಲ್ಲಿ ನಾನು ಹೋದಾಗ ಆಸ್ಪತ್ರೆ ಜಗಲಿ ಮೇಲೆ ನಾಲ್ಕು ಜನ ಇರ್ಲಿಲ್ಲ. ಆಶಾ ಹುಡುಗೀರು ಮನೆ ಮನೆಗೆ ಹೋದ್ರೆ ಬಾಗಿಲು ಹಾಕ್ಕೊಳ್ತಿದ್ರು, ಬೈದು ಕಳಿಸ್ತಿದ್ರು. ಮಳೇಲಿ ಐಸ್ ಬಾಕ್ಸ್ ಹೊತ್ಕೊಂಡು ಹೊಲದ ಬದುಗೇ ಹೋಗಿ ಹಾಕಿ ಬಂದಿದಾರೆ. ನೀವೆಲ್ಲ ಒಂದು ಪೋಸ್ಟರ್ ಸಿಕ್ಕಿದ್ದೇ ತಡ ಲೆಕ್ಕ ಸುಳ್ಳು ಅಂತ ಶುರು ಹಚ್ಕೊಂಡ್ರಿ. ಆ ಹೆಣ್ಣುಮಕ್ಕಳು ಇದನ್ನ ಓದಿದ್ರೆ ಎಷ್ಟು ಬೇಜಾರಾಗುತ್ತೆ. ನಾನು ಪೋಸ್ಟರ್ ತೆಗೆಯಲ್ಲ

ಅತ್ತೆ: ತೆಗೀಬೇಡ ಅಣ್ಣ, ಅವ್ರ ಕೆಲಸ ನಿಜಾನೇ

ಅಕ್ಕ: ಈಗ ಊಟಕ್ಕೆ ಕೂತೆ, ಬರೀತೀನಿ, ಉದ್ದ ಆಗುತ್ತೆ. ಚಿಕ್ಕಪ್ಪ, ಸುಳ್ಳು ಅಂತ ಅಲ್ಲ, ಆದ್ರೆ ನೂರು ಅಂದ್ರೆ ಎಲ್ರಿಗೂ ಆಗಿದೆ ಅಂತಾನೂ ಅಲ್ಲ. ಗುರಿ ಅಂತ ನಮಗೆ ಕೊಡೋದು 18 ದಾಟಿದೋರ ಅಂದಾಜು ಸಂಖ್ಯೆ, 2011 ಆದ್ಮೇಲೆ ಜನಗಣತಿನೇ ಆಗಿಲ್ಲ, ಅಂದಾಜು ಕಮ್ಮಿ ಇದ್ರೆ ಶೇಕಡ ತಾನಾಗೇ ಏರುತ್ತೆ. ಮಕ್ಕಳು ಆ ಲೆಕ್ಕದಲ್ಲೇ ಇಲ್ಲ, ಅಕ್ಟೋಬರ್ ಕೊನೇಲಿ ಒಂದನೇ ಕ್ಲಾಸಿಂದ ಶಾಲೆ ತೆಗ್ದಿದೀವಿ, ಅವ್ರಿಗಿನ್ನೂ ಲಸಿಕೆನೇ ಬಂದಿಲ್ಲ. ಇನ್ನೊಂದು ಏನಂದ್ರೆ ಸರ್ಕಾರದ ಲಸಿಕೆ ನೋಂದಣಿ ಆಪ್ ಕೋವಿನ್‌ನಲ್ಲಿ ಡೋಸ್ ಎಲ್ಲಿ ಹಾಕಿದ್ರೋ ಅಲ್ಲಿನ ಲೆಕ್ಕಕ್ಕೆ ಹೋಗುತ್ತೆ, ಆ ಮನುಷ್ಯ ಯಾವ ಊರಿನೋನು ಅಂತ ನೋಡಲ್ಲ. ಲಾಕ್‌ಡೌನಲ್ಲಿ ಊರಿಗೆ ಬಂದಿದ್ದ ಹುಡುಗ್ರು ಇಲ್ಲಿ ಮೊದಲನೇದು ಹಾಕಿಸ್ಕೊಂಡು ವಾಪಸ್ ಬೆಂಗಳೂರಿಗೆ ಹೋದ್ರು, ನಮ್ಮ ನೂರರಲ್ಲಿ ಅವ್ರೂ ಸೇರಿದಾರೆ. ಮತ್ತೆ ಎಷ್ಟೋ ಜನ ಮೊದಲ ಸಲ ಆಧಾರ್ ಕೊಟ್ಟಿರ್ತಾರೆ, ಎರಡನೇ ಸಲ ವೋಟರ್ ಐಡಿ ತಂದು ಬೇರೆ ಫೋನ್ ನಂಬರ್ ಹೇಳ್ತಾರೆ, ಸಿಸ್ಟಮ್ ಅದನ್ನ ಹೊಸ ಮನುಷ್ಯ ಅಂತ ತಗೊಂಡು ಮತ್ತೊಂದು ಮೊದಲ ಡೋಸ್ ಅಂತ ಬರ್ಕೊಳುತ್ತೆ. ಹಿಂಗಾಗಿ ನಿಮ್ಮ ಬೀದೀಲಿ ನಾಲ್ಕು ಮನೆ ಬಿಟ್ಟುಹೋಗಿದ್ರೂ ತಾಲೂಕು ನೂರಾಗಬಹುದು. ಅಪ್ಪ ಹೇಳಿದ್ದೂ ನಿಜ, ಚಿಕ್ಕಪ್ಪ ಹೇಳಿದ್ದೂ ನಿಜ

ಅಕ್ಕ: ಗ್ಯಾಪ್ ವಿಷಯ. ಸ್ಟಾಕ್ ಇರ್ಲಿಲ್ಲ ಅನ್ನೋದು ಹೌದು, ಆ ದಿನಗಳಲ್ಲಿ ಜನ ನಮ್ಮನ್ನೇ ಬೈತಿದ್ರು. ಆದ್ರೆ ಹೊರದೇಶದ ಟ್ರಯಲ್‌ಗಳಲ್ಲೂ 12 ವಾರ ಬಿಟ್ಟು ಹಾಕಿದ್ರೆ ಕೋವಿಶೀಲ್ಡ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತೆ ಅಂತ ಬಂದಿತ್ತು, ಅದು ನೆಪಕ್ಕೆ ಹೇಳಿದ್ದಲ್ಲ. ಆ ಯಜಮಾನ್ರ ವಿಷಯ, ನಂಗೂ ಬೇಜಾರಿದೆ. ಲಸಿಕೆ ಆದ್ಮೇಲೆ ಹಂಗೇನಾದ್ರೂ ಆದ್ರೆ ತನಿಖೆ ಮಾಡೋಕೆ ಜಿಲ್ಲೇಲಿ ಕಮಿಟಿ ಇದೆ, ಅವ್ರ ಮನೆಯೋರು ಯಾರಾದ್ರೂ ಆರೋಗ್ಯ ಕೇಂದ್ರಕ್ಕೆ ತಿಳಿಸಿದ್ರಾ? ದೇಶದಲ್ಲಿ ಕೋಟಿಗಟ್ಟಲೆ ಜನ ತಗೊಂಡಾಗ ಅದ್ರಲ್ಲಿ ವಯಸ್ಸಾದೋರು ಹೃದಯದ ತೊಂದರೆ ಇರೋರು ಕೆಲವ್ರು ಅದೇ ವಾರ ತೀರ್ಕೊಳ್ತಾರೆ, ಲಸಿಕೆಯಿಂದಾನೇ ಅಂತಾಗ್ಬೇಕಿಲ್ಲ, ಅಲ್ಲ ಅಂತಾನೂ ನೋಡದೆ ಹೇಳ್ಬಾರ್ದು. ಕೇಳಿ ತಿಳ್ಕೊಳ್ಳೋದು ಅವ್ರ ಹಕ್ಕು

ಅತ್ತೆ: ಅದಿರ್ಲಿ, ಅಮ್ಮನಿಗೆ ಎರಡನೇ ಡೋಸ್ ಆಯ್ತಾ?

ಅತ್ತೆ: ಯಾರಾದ್ರೂ ಹೇಳ್ರಪ್ಪ

ಚಿಕ್ಕಪ್ಪ: ಅಮ್ಮ ಮೊದಲನೇದು ಏಪ್ರಿಲಲ್ಲಿ ನಿಮ್ಮನೇಲಿದ್ದಾಗ ತಗೊಂಡಿದ್ದು. ಇಲ್ಲಿಗೆ ಬಂದ್ಮೇಲೆ ಮೇನಲ್ಲಿ ಪಾಸಿಟಿವ್ ಬಂತಲ್ಲ, ಡಾಕ್ಟ್ರು ಮೂರು ತಿಂಗಳು ಬಿಟ್ಟು ಹಾಕ್ಸಿ ಅಂದಿದ್ರು. ಆಮೇಲೆ ನೀವೇ ಬೆಂಗಳೂರಿಗೆ ಕರೆಸ್ಕೊಂಡು ಹಾಕಿಸ್ತೀರಿ ಅಂತ ಅನ್ಕೊಂಡಿದ್ದೆ. ಇಲ್ಲಿ ಆಶಾ ಅವ್ರು ಬಂದಾಗ ಅವ್ರ ಪಟ್ಟೀಲಿ ಅಮ್ಮನ ಹೆಸ್ರೇ ಇರ್ಲಿಲ್ಲ

ಅತ್ತೆ: ನಂಗೊಂದು ಮೆಸೇಜೂ ಬರ್ಲಿಲ್ಲ! ಆಗ ಕೊಟ್ಟಿದ್ದು ನನ್ನ ಹಳೇ ಸಿಮ್ಮು, ಅದು ಬಂದ್ ಆಗಿ ಎಷ್ಟೋ ದಿನ ಆಯ್ತು

ನಾನು: ಅಂದ್ರೆ ಅಜ್ಜಿ ಬೆಂಗಳೂರಿನ ಲೆಕ್ಕದಲ್ಲಿ ಮೊದಲ ಡೋಸ್ ಆದೋರು, ಊರಿನ ಪಟ್ಟೀಲಿ ಇಲ್ಲವೇ ಇಲ್ಲ, ನೆನಪಿಸೋ ಮೆಸೇಜ್ ಹೋಗೋದು ಸತ್ತ ನಂಬರ್‌ಗೆ. 80 ದಾಟಿದ ಜೀವ, ಶುಗರ್ ಬೇರೆ. ಎರಡು ಕಡೆ ಅಂಕಿನೂ ಚೆನ್ನಾಗಿದೆ, ಮಧ್ಯದಲ್ಲಿ ಅಜ್ಜಿ ಬಿಟ್ಟುಹೋದ್ರು. ನಮ್ಮನೇಲೇ ಹಿಂಗಾದ್ರೆ ಹೊಲಕ್ಕೆ ಕೂಲಿಗೆ ಹೋಗೋರ ಮನೇಲಿ ಯಾರು ಕೇಳ್ತಾರೆ? ರಾಗಿ ಕುಯ್ಲು ನಡೀತಿದೆ, ಇಂಜೆಕ್ಷನ್ ತಗೊಂಡು ಎರಡು ದಿನ ಜ್ವರ ಬಂದ್ರೆ ಎರಡು ದಿನದ ಕೂಲಿ ಹೋಗುತ್ತೆ ಅಂತ ಮುಂದಕ್ಕೆ ಹಾಕ್ತಿದಾರೆ, ಅವ್ರಿಗೆ ನೂರಾಯ್ತು ಅನ್ನೋ ಪೋಸ್ಟರ್ ತೋರಿಸಿದ್ರೆ ಇನ್ನು ನಾನೊಬ್ಬ ಬಿಟ್ರೆ ಏನಂತೆ ಅಂತಾರೆ. ಆಶಾ ಅವ್ರಿಗೂ ಮತ್ತೆ ಬಾಗಿಲು ತಟ್ಟೋಕೆ ಕಷ್ಟ ಆಗುತ್ತೆ. ಪೋಸ್ಟರ್ ಇರ್ಲಿ ದೊಡ್ಡಪ್ಪ, ಅದ್ರ ಕೆಳಗೆ ಎರಡನೇದು ಬಾಕಿ ಇರೋರು ಬನ್ನಿ ಅಂತ ಒಂದು ಸಾಲು ಸೇರಿಸಿ ಸ್ಟೇಟಸ್ ಹಾಕಿ, ನಾನೂ ಹಾಕ್ತೀನಿ

ದೊಡ್ಡಪ್ಪ: ಅಮ್ಮನದ್ದು ಆಗಿಲ್ಲ ಅಂತ ನಂಗೆ ಯಾರೂ ಹೇಳ್ಲಿಲ್ವಲ್ಲೋ

ಚಿಕ್ಕಪ್ಪ: ಅಮ್ಮ ಮಂಡಿ ನೋವಲ್ಲಿ ಆಸ್ಪತ್ರೆ ತನಕ ಬರಲ್ಲ ಅಂತಾರೆ. ಇಷ್ಟು ತಿಂಗಳು ಆದ್ಮೇಲೆ ಮತ್ತೆ ಮೊದಲಿಂದ ಶುರು ಮಾಡ್ಬೇಕಾ?

ಅಕ್ಕ: ಇಲ್ಲ, ಬಾಕಿ ಇರೋದು ಎರಡನೇದು ಮಾತ್ರ, ತಡ ಆದ್ರೂ ಅದೇ ಹಾಕೋದು. ಅಜ್ಜೀದು ಕೋವಿಶೀಲ್ಡ್ ತಾನೆ, ಅದೇ ಆಗ್ಬೇಕು. ಅತ್ತೆ, ಮೊದಲ ಡೋಸಿನ ಸರ್ಟಿಫಿಕೇಟ್ ಹುಡುಕಿ ಈಗ್ಲೇ ಕಳಿಸಿ, ಅದ್ರಲ್ಲಿರೋ ಬೆನಿಫಿಷಿಯರಿ ಐಡಿ ಬೇಕು. ಯಾರೂ ಅವಸರಕ್ಕೆ ಹೊಸದಾಗಿ ರಿಜಿಸ್ಟರ್ ಮಾಡ್ಬೇಡಿ. ಈಗ ಹರ್ ಘರ್ ದಸ್ತಕ್ ಅಂತ ಮನೆಗೇ ಬಂದು ಹಾಕ್ತಿದಾರೆ, ನಿಮ್ಮೂರ ಸಿಸ್ಟರ್‌ಗೆ ನಾನೇ ಫೋನ್ ಮಾಡ್ತೀನಿ

(ಅರ್ಧ ಗಂಟೆ ಯಾರದ್ದೂ ಮೆಸೇಜ್ ಇಲ್ಲ)

ಅತ್ತೆ: ಸಿಕ್ತು, ಫೋಟೋ ಕಳಿಸಿದೀನಿ ನೋಡು

ಅಕ್ಕ: ಬಂತು. ಸಿಸ್ಟರ್ ಸೋಮವಾರ ಬೆಳಗ್ಗೆ ಬರ್ತಾರಂತೆ. ಒಂದು ವಯಲಲ್ಲಿ (ಲಸಿಕೆ ಸೀಸೇಲಿ) 10 ಡೋಸ್ ಇರುತ್ತೆ, ಒಡೆದ್ಮೇಲೆ 4 ಗಂಟೆ ಒಳಗೆ ಮುಗಿಸ್ಬೇಕು, ಅಜ್ಜಿ ಒಬ್ರಿಗೆ ಒಡೆದ್ರೆ ಉಳಿದಿದ್ದು ದಂಡ. ಚಿಕ್ಕಪ್ಪ, ಆ ನಾಲ್ಕು ಮನೆಯೋರನ್ನ ನಮ್ಮ ಜಗಲಿಗೇ ಕರೀತೀರಾ? ನೀವು ಹೇಳಿದ್ರೆ ಕೇಳ್ತಾರೆ, ಸರ್ಕಾರದೋರು ಹೇಳಿದ್ರೆ ಕೇಳಲ್ಲ

ಚಿಕ್ಕಪ್ಪ: ನಂಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ ಮಗಳೇ. ಆದ್ರೆ ಅಮ್ಮನಿಗೆ ಬೇಡ ಅಂತ ನಾನು ಹೇಳಲ್ಲ. ಕೇಳಿ ನೋಡ್ತೀನಿ

ದೊಡ್ಡಪ್ಪ: ನಾನೂ ಭಾನುವಾರ ಸಂಜೆಗೇ ಊರಿಗೆ ಬರ್ತೀನಿ. ನನ್ನ ಜೊತೆ ಬಾ, ಇಬ್ರೂ ಹೋಗಿ ಕೇಳೋಣ

ಚಿಕ್ಕಪ್ಪ: ಮೂರು ಮನೆಯೋರು ಬರ್ತೀವಿ ಅಂದ್ರು, ಈಗ ಕೇಳ್ಕೊಂಡು ಬಂದೆ. ನಾಲ್ಕನೇ ಮನೆಯೋನು ಸುತಾರಾಂ ಒಪ್ತಿಲ್ಲ, ಅವ್ನ ತಾಯಿಗೂ ಬೇಡ ಅಂತಾನೆ

ಅಕ್ಕ: ಜಗಳ ಆಡ್ಬೇಡಿ. ಆ ತಾಯಿ ಹತ್ರ ಒಂದ್ಸಲ ನನಗೆ ಫೋನ್ ಕೊಡಿಸಿ. ಬರೋ ಎಲ್ರೂ ಆಧಾರ್ ತರ್ಲಿ, ಚಾಲ್ತೀಲಿರೋ ನಂಬರನ್ನೇ ಬರೆಸ್ಲಿ, ತಿಂಡಿ ತಿಂದೇ ಬರ್ಲಿ