ಸಹಾಯ ಬೇಕು: 143(1) ಸೂಚನಾ ಪತ್ರದಲ್ಲಿ ತೋರಿಸಿದ ಬಾಕಿ ತೆರಿಗೆಯ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಿವೃತ್ತರಾಗಿರುವ ನಮ್ಮ ತಂದೆಯವರಿಗೆ 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 143(1)ರ ಅಡಿಯಲ್ಲಿ ಸೂಚನಾ ಪತ್ರ (ಸಲ್ಲಿಸಿದ ರಿಟರ್ನ್ ಪರಿಶೀಲಿಸಿದ ಮೇಲೆ ಆದಾಯ ತೆರಿಗೆ ಇಲಾಖೆ ಕಳುಹಿಸುವ ಪತ್ರ) ಬಂದಿದ್ದು, ರಿಟರ್ನ್‌ನಲ್ಲಿ ನಾವು ಮರುಪಾವತಿ ಕೇಳಿದ್ದರೂ ಅದರಲ್ಲಿ ತೆರಿಗೆ ಬಾಕಿ ಇದೆಯೆಂದು ತೋರಿಸಲಾಗಿದೆ. ನಾವು ಸಲ್ಲಿಸಿದ ಅಂಕಿಗಳನ್ನೂ ಇಲಾಖೆ ಲೆಕ್ಕ ಹಾಕಿದ ಅಂಕಿಗಳನ್ನೂ ಸಾಲುಸಾಲಾಗಿ ಹೋಲಿಸಿ ನೋಡಿದಾಗ, ಒಟ್ಟು ಆದಾಯ ಎರಡರಲ್ಲೂ ಒಂದೇ ಆಗಿದ್ದು, ಠೇವಣಿಯ ಬಡ್ಡಿಯ ಮೇಲೆ ಬ್ಯಾಂಕು ಕಡಿತ ಮಾಡಿದ ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಮಾತ್ರ ಇಲಾಖೆಯ ಲೆಕ್ಕದಲ್ಲಿ ಸೇರಿಲ್ಲ. ಆದರೆ ತಂದೆಯವರ ಹೆಸರಿನಲ್ಲಿ ಜಮೆಯಾದ ತೆರಿಗೆಯ ವಿವರವಿರುವ ಫಾರ್ಮ್ 26ಎಎಸ್‌ನಲ್ಲಿ ಈಗ ಆ ಮೊತ್ತ ಪೂರ್ತಿಯಾಗಿ ಕಾಣಿಸುತ್ತಿದೆ. ಬ್ಯಾಂಕಿನ ವಿವರ ತಡವಾಗಿ ಸಲ್ಲಿಕೆಯಾಗಿರಬಹುದೆಂಬುದು ನನ್ನ ಊಹೆ. ಹೀಗಿರುವಾಗ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಬೇಡಿಕೆಯನ್ನು ಒಪ್ಪುವುದಿಲ್ಲವೆಂದು ಉತ್ತರಿಸಿದರೆ ಸಾಕೇ, ಅಥವಾ ಕಲಂ 154ರ ಅಡಿಯಲ್ಲಿ ಆ ಸೂಚನಾ ಪತ್ರದ ತಪ್ಪಿನ ತಿದ್ದುಪಡಿಗೂ ಅರ್ಜಿ ಸಲ್ಲಿಸಬೇಕೇ? 30 ದಿನಗಳ ಗಡುವು ಮೀರಿದರೆ ಬಾಕಿಯ ಮೇಲೆ ತಿಂಗಳಿಗೆ ಶೇ 1ರಷ್ಟು ಬಡ್ಡಿ ಬೀಳುವುದರಿಂದ ತಂದೆಯವರು ಬಹಳ ಆತಂಕದಲ್ಲಿದ್ದಾರೆ. ಅನುಭವವಿರುವವರು ದಯವಿಟ್ಟು ತಿಳಿಸಿ.