ಮೇಕೆ ಮರಿಯ ಕೊಂಬು ಮನೆಯಲ್ಲೇ ಸುಡಬಹುದಾ ಡಾಕ್ಟ್ರೇ?

ಪ್ರಶ್ನೆ (ಪಾಂಡವಪುರ ತಾಲ್ಲೂಕಿನ ಒಬ್ಬ ಗೃಹಿಣಿ):

ನಮಸ್ಕಾರ ಡಾಕ್ಟ್ರೇ. ನಮ್ಮದು ಹತ್ತು ಮೇಕೆಯ ಪುಟ್ಟ ಕೊಟ್ಟಿಗೆ. ಹೊರಗೆ ಬಿಡುವುದಿಲ್ಲ, ಕಟ್ಟಿ ಮೇಯಿಸುತ್ತೇವೆ. ಒಂದು ಸಿರೋಹಿ ಮೇಕೆ ಆರು ದಿನದ ಹಿಂದೆ ಮೂರು ಮರಿ ಹಾಕಿದೆ. ಎರಡು ಹೆಣ್ಣು, ಒಂದು ಗಂಡು. ಹೋದ ತಿಂಗಳು ದೊಡ್ಡ ಮೇಕೆಗೆ ಸೊಪ್ಪು ಹಾಕುವಾಗ ಅದು ತಟಕ್ಕನೆ ತಲೆ ಎತ್ತಿ, ಕೊಂಬು ನನ್ನ ಮಗಳ ಹುಬ್ಬಿಗೆ ತಗುಲಿತು. ನಾಲ್ಕು ಹೊಲಿಗೆ ಬಿತ್ತು. ಒಂದು ಬೆರಳು ಕೆಳಗಾಗಿದ್ದರೆ ಕಣ್ಣೇ ಹೋಗುತ್ತಿತ್ತು. ಅದಕ್ಕೇ ಈ ಮರಿಗಳಿಗೆ ಕೊಂಬು ಬೆಳೆಯದಂತೆ ಈಗಲೇ ಅದರ ಮೊಗ್ಗು ಸುಡೋಣ ಅಂತ ಇದ್ದೇವೆ. ನಮ್ಮ ಮಾವ "ಸಲಾಕೆ ಕಾಯಿಸಿ ಎರಡು ಬರೆ ಎಳೆದರೆ ಆಯ್ತು, ಅದಕ್ಯಾಕೆ ಡಾಕ್ಟ್ರು" ಅಂತಾರೆ. ನನಗೆ ಧೈರ್ಯ ಬರುತ್ತಿಲ್ಲ. ಹೇಗೆ ಮಾಡಬೇಕು ಹೇಳಿ.

ಉತ್ತರ (ಪಶುವೈದ್ಯ, ಮಂಡ್ಯ):

ಅಮ್ಮಾ, ಮೊದಲು ಮಗಳ ಗಾಯ ವಾಸಿಯಾಯಿತಾ? ಕಣ್ಣು ಉಳಿದದ್ದು ದೊಡ್ಡ ಪುಣ್ಯ.

ಮಾವನವರಿಗೆ ನನ್ನ ನಮಸ್ಕಾರ ಹೇಳಿ. ಆದರೆ ಸಲಾಕೆ ಮಾತ್ರ ಒಲೆಗೆ ಇಡಲು ಬಿಡಬೇಡಿ. ಅವರು ಕರುಗಳಿಗೆ ಮಾಡಿದ್ದನ್ನು ನೋಡಿರಬಹುದು. ಮೇಕೆ ಮರಿ ಅಂದರೆ ಪುಟ್ಟ ಕರು ಅಲ್ಲ. ಆರು ದಿನದ ಮರಿಯ ತಲೆಬುರುಡೆ ತುಂಬಾ ತೆಳು, ಅದರ ಕೆಳಗೇ ಮೆದುಳು. ಬಿಸಿ ಜಾಸ್ತಿ ಹೊತ್ತು ನಿಂತರೆ ಚರ್ಮ ಮಾತ್ರ ಸುಡುವುದಿಲ್ಲ, ಒಳಗಿನ ಮೆದುಳಿನ ಪೊರೆಯೂ ಬೇಯುತ್ತದೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದೇ ತಪ್ಪು ಮಾಡಿದ್ದೇನೆ. ಕರುಗಳಿಗೆ ಸುಟ್ಟು ಕೈ ಪಳಗಿತ್ತು. ಅದೇ ಕಬ್ಬಿಣ, ಅದೇ ಲೆಕ್ಕ, ಮನಸ್ಸಿನಲ್ಲಿ ಹದಿನೈದರ ತನಕ ಎಣಿಸಿ ತೆಗೆದೆ. ಮರಿ ಎದ್ದು ನಿಂತಿತು, ಹಾಲೂ ಕುಡಿಯಿತು. ಮಾರನೇ ದಿನ ಗೋಡೆಗೆ ಹಣೆ ಒತ್ತಿಕೊಂಡು ನಿಂತಿತ್ತು. ಮೂರನೇ ದಿನ ಫಿಟ್ಸ್ ಬಂದು ಸತ್ತುಹೋಯಿತು. ಆ ಮನೆಯವರು ನನಗೆ ಒಂದು ಮಾತೂ ಅನ್ನಲಿಲ್ಲ. ಇವತ್ತಿಗೂ ಮೇಕೆ ಮರಿಯ ತಲೆ ಹಿಡಿದಾಗ ಆ ಗೋಡೆ ಕಣ್ಣ ಮುಂದೆ ಬರುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಈಗ ನಿಮ್ಮ ಮರಿಗಳ ವಿಷಯ. ಮೂರಕ್ಕೂ ಸುಡಲೇಬೇಕಾ? ಗಂಡು ಮರಿಯನ್ನು ಒಂದು ವರ್ಷದ ಒಳಗೆ ಮಾರುವುದಾದರೆ ಬಿಟ್ಟುಬಿಡಿ. ನಮ್ಮ ಕಡೆ ಮಾರಮ್ಮನ ಹಬ್ಬಕ್ಕೋ ಬಕ್ರೀದಿಗೋ ಹೋತ ಕೊಳ್ಳುವವರು ಮೊದಲು ನೋಡುವುದೇ ಕೊಂಬು. ಒಳ್ಳೆ ಕೊಂಬಿದ್ದರೆ ಬೆಲೆಯೂ ಚೆನ್ನಾಗಿ ಸಿಗುತ್ತದೆ. ಹೇಗೂ ಮೂರು ತಿಂಗಳಾಗುತ್ತಿದ್ದಂತೆ ಗಂಡನ್ನು ಹೆಣ್ಣುಮರಿಗಳಿಂದ ಬೇರೆ ಮಾಡಲೇಬೇಕು, ಇಲ್ಲದಿದ್ದರೆ ಬೇಗ ಗಬ್ಬ ನಿಲ್ಲುತ್ತವೆ. ಹೆಣ್ಣುಮರಿಗಳು ಆರೇಳು ವರ್ಷ ನಿಮ್ಮ ಮನೆಯಲ್ಲೇ ಇರುತ್ತವೆ, ಹಾಲು ಕರೆಯಬೇಕು, ಮಕ್ಕಳು ಹತ್ತಿರ ಹೋಗುತ್ತಾರೆ. ಅವಕ್ಕೆ ಸುಡಿಸುವುದರಲ್ಲಿ ಅರ್ಥ ಇದೆ. ಇಷ್ಟು ತಿಳಿದಿರಲಿ, ಕೊಂಬಿರುವ ದೊಡ್ಡವುಗಳ ಜೊತೆ ಕೊಂಬಿಲ್ಲದವನ್ನು ಒಂದೇ ಗೋದಲಿಗೆ ಬಿಟ್ಟರೆ ಇವು ಪೆಟ್ಟು ತಿನ್ನುತ್ತವೆ. ಜಾಗ ಬೇರೆ ಮಾಡಬೇಕು.

ಹೊರಗೆ ಬದುವಿನ ಮೇಲೆ ಮೇಯುವ ಮೇಕೆಗಳಿಗೆ ನಾನು ಸುಡಿಸಿ ಅಂತ ಯಾರಿಗೂ ಹೇಳುವುದಿಲ್ಲ. ನಾಯಿ ಬಂದರೆ ಅದಕ್ಕಿರುವುದು ಕೊಂಬೊಂದೇ. ಬಿಸಿಲಲ್ಲಿ ಮೈಯ ಕಾವು ಸ್ವಲ್ಪ ಕೊಂಬಿನ ಮೂಲಕವೂ ಹೊರಗೆ ಹೋಗುತ್ತದೆ, ಅದರೊಳಗೆ ರಕ್ತನಾಳಗಳಿವೆ.

ಆರು ದಿನ ಸರಿಯಾದ ವಯಸ್ಸು. ಗಂಡಿಗೆ ಮೂರರಿಂದ ಏಳು ದಿನ, ಹೆಣ್ಣಿಗೆ ಹೆಚ್ಚೆಂದರೆ ಹತ್ತು ದಿನದ ಒಳಗೆ ಆಗಬೇಕು. ಮರಿ ಚೂಟಿಯಾಗಿರಬೇಕು, ಗಿಣ್ಣು ಹಾಲು ಚೆನ್ನಾಗಿ ಕುಡಿದಿರಬೇಕು. ಭೇದಿ, ಜ್ವರ ಇದ್ದರೆ ಆ ವಾರ ಬೇಡ. ಎರಡು ವಾರ ದಾಟಿದರೆ ಮೊಗ್ಗು ದೊಡ್ಡದಾಗಿ ಬುರುಡೆಗೆ ಬೆಸೆದುಕೊಳ್ಳುತ್ತಾ ಹೋಗುತ್ತದೆ. ಆಮೇಲೆ ಸುಟ್ಟರೆ ನೋವೂ ಜಾಸ್ತಿ, ಅರ್ಧಂಬರ್ಧ ಕೊಂಬು ಮತ್ತೆ ಬರುವುದೂ ಜಾಸ್ತಿ.

ಮನೆಯಲ್ಲೇ ಮಾಡಬಹುದಾ ಅಂದರೆ, ಜಾಗ ನಿಮ್ಮ ಮನೆ ಆಗಬಹುದು. ಕೈ ಮಾತ್ರ ಡಾಕ್ಟರದ್ದೇ ಆಗಬೇಕು. ನಿಮ್ಮ ಊರಿನ ಪಶು ಆಸ್ಪತ್ರೆಗೆ ಇವತ್ತೇ ಫೋನ್ ಮಾಡಿ, ಮರಿಗೆ ಆರು ದಿನ ಅಂತ ಹೇಳಿ ದಿನ ಗೊತ್ತು ಮಾಡಿಕೊಳ್ಳಿ.

ಪ್ರಶ್ನೆ (ಮಳವಳ್ಳಿ ಕಡೆಯ ಯುವ ರೈತ):

ಸಾರ್, ನಾನು ಮೆಡಿಕಲ್‌ನಿಂದ ಮರಗಟ್ಟಿಸುವ ಲಿಗ್ನೋಕೇನ್ ಬಾಟಲಿ ತಂದು ಇಟ್ಟುಕೊಂಡಿದ್ದೇನೆ. ಎರಡೂ ಕಡೆ ಎರಡೆರಡು ಎಂಎಲ್ ಹಾಕಿ ನಾನೇ ಸುಡೋಣ ಅಂತ. ವಿಡಿಯೋ ನೋಡಿದ್ದೇನೆ. ಸಾಕಾಗುತ್ತಾ?

ಉತ್ತರ:

ತಮ್ಮಾ, ದಯವಿಟ್ಟು ಆ ಬಾಟಲಿ ಮುಟ್ಟಬೇಡ. ಲೆಕ್ಕ ನೋಡು. ಅಂಗಡಿಯಲ್ಲಿ ಸಿಗುವುದು 2 ಪರ್ಸೆಂಟ್ ಬಾಟಲಿ. ಅಂದರೆ ಒಂದು ಎಂಎಲ್‌ನಲ್ಲಿ 20 ಮಿಲಿಗ್ರಾಂ ಔಷಧಿ. ಮೇಕೆಗೆ ಕಿಲೋ ತೂಕಕ್ಕೆ 5 ಮಿಲಿಗ್ರಾಂ ದಾಟಬಾರದು ಅಂತ ನಾವು ಇಟ್ಟುಕೊಂಡಿರುವ ಮಿತಿ. ಮೂರು ಕಿಲೋ ಮರಿಗೆ 15 ಮಿಲಿಗ್ರಾಂ. ಎರಡೂ ಕೊಂಬಿಗೆ ಸೇರಿಸಿ ಮುಕ್ಕಾಲು ಎಂಎಲ್ ಅಷ್ಟೇ. ನೀನು ಹೇಳುತ್ತಿರುವುದು ನಾಲ್ಕು ಎಂಎಲ್, ಐದು ಪಟ್ಟಿಗಿಂತ ಜಾಸ್ತಿ. ಮರಿ ನಡುಗಿ, ಫಿಟ್ಸ್ ಬಂದು, ಕಬ್ಬಿಣ ಮುಟ್ಟಿಸುವ ಮೊದಲೇ ಸತ್ತುಹೋಗಬಹುದು.

ಇನ್ನೊಂದು ವಿಷಯ. ಕರುವಿಗೆ ಒಂದೊಂದು ಕೊಂಬಿಗೆ ಒಂದು ನರ ಮರಗಟ್ಟಿಸಿದರೆ ಸಾಮಾನ್ಯವಾಗಿ ಸಾಕು. ಮೇಕೆಗೆ ಎರಡು ನರ. ಒಂದು ಕಣ್ಣಿನ ಹಿಂದಿನ ಮೂಲೆಯ ಕಡೆಯಿಂದ ಬರುತ್ತದೆ, ಇನ್ನೊಂದು ಮೂಗಿನ ಕಡೆಯ ಮೂಲೆಯ ಮೇಲಿಂದ. ಎರಡು ಕೊಂಬಿಗೆ ನಾಲ್ಕು ಚುಚ್ಚು. ಮುಕ್ಕಾಲು ಎಂಎಲ್ ಅನ್ನು ನಾಲ್ಕು ಕಡೆ ಹಂಚಬೇಕು. ಅದಕ್ಕೆ ನಾವು ಔಷಧಿಯನ್ನು ತೆಳ್ಳಗೆ ಮಾಡಿಕೊಂಡು, ಇನ್ಸುಲಿನ್ ಹಾಕುವಂಥ ಸಣ್ಣ ಸಿರಿಂಜಿನಲ್ಲಿ ಹಾಕುತ್ತೇವೆ. ತೂಕವನ್ನೂ ಅಂದಾಜಿನಲ್ಲಿ ಹೇಳುವುದಿಲ್ಲ, ತಕ್ಕಡಿಯಲ್ಲಿ ತೂಗುತ್ತೇವೆ. ಮರಗಟ್ಟುವ ಇಂಜೆಕ್ಷನ್‌ಗೆ ಮೊದಲೇ ಮೆಲಾಕ್ಸಿಕಾಮ್ ಅನ್ನುವ ನೋವಿನ ಇಂಜೆಕ್ಷನ್ ಕೊಟ್ಟಿರುತ್ತೇವೆ. ಯಾಕೆಂದರೆ ಮರಗಟ್ಟಿದ್ದು ಒಂದೆರಡು ಗಂಟೆಯಲ್ಲಿ ಬಿಡುತ್ತದೆ, ಸುಟ್ಟ ನೋವು ಅಷ್ಟಕ್ಕೇ ಹೋಗುವುದಿಲ್ಲ.

ನಿನ್ನ ಆಸಕ್ತಿ ಒಳ್ಳೆಯದೇ. ಡಾಕ್ಟರ ಜೊತೆ ನಿಂತು ಮರಿ ಹಿಡಿದುಕೋ. ಹಿಡಿಯುವುದೇ ಅರ್ಧ ಕೆಲಸ.

ಪ್ರಶ್ನೆ (ಮೊದಲು ಕೇಳಿದವರು):

ಹಾಗಾದರೆ ಡಾಕ್ಟ್ರು ಬರುವ ಹೊತ್ತಿಗೆ ನಾವು ಏನೇನು ಸಿದ್ಧ ಮಾಡಿರಬೇಕು? ಅವರು ಏನು ಮಾಡುತ್ತಾರೆ ಅಂತ ಮೊದಲೇ ಗೊತ್ತಿದ್ದರೆ ನನಗೂ ಹೆದರಿಕೆ ಕಮ್ಮಿ ಆಗುತ್ತದೆ.

ಉತ್ತರ:

ಬೆಳಿಗ್ಗೆ ತಂಪು ಹೊತ್ತು ಇಟ್ಟುಕೊಳ್ಳಿ. ಕೊಟ್ಟಿಗೆಯೊಳಗೆ ಬೇಡ, ಮನೆಯ ಜಗಲಿ ಆಗಬಹುದು. ರಾಗಿ ಹುಲ್ಲಿನ ಮೆದೆಯ ಹತ್ತಿರವಂತೂ ಬೇಡವೇ ಬೇಡ. ತಲೆ ಒರೆಸಲು ಸ್ಪಿರಿಟ್ ತಂದಿಡಬೇಡಿ, ಕಾದ ಕಬ್ಬಿಣಕ್ಕೆ ಭಗ್ಗನೆ ಹತ್ತಿಕೊಳ್ಳುತ್ತದೆ. ಕರೆಂಟ್ ಕಬ್ಬಿಣವಾದ್ದರಿಂದ ಕರೆಂಟ್ ಯಾವಾಗ ಇರುತ್ತದೆ ನೋಡಿಕೊಂಡೇ ಕರೆಯಿರಿ. ಅರ್ಧದಲ್ಲಿ ಹೋದರೆ ಆರುತ್ತಿರುವ ಕಬ್ಬಿಣ ಒತ್ತಿ ಹಿಡಿಯುವ ಆಸೆಯಾಗುತ್ತದೆ. ತಪ್ಪು ಆಗುವುದೇ ಅಲ್ಲಿ. ಚೆನ್ನಾಗಿ ಕಾದದ್ದನ್ನು ಸ್ವಲ್ಪ ಹೊತ್ತು ಇಡಬೇಕು. ಅರೆಬಿಸಿಯದ್ದನ್ನು ತುಂಬಾ ಹೊತ್ತು ಇಟ್ಟರೆ ಬಿಸಿ ಒಳಗೆ ಇಳಿಯುತ್ತದೆ. ಒಂದು ಮರದ ತುಂಡು ಇಟ್ಟಿರಿ. ಅದಕ್ಕೆ ಮುಟ್ಟಿಸಿದ ಕೂಡಲೇ ಕಪ್ಪು ಉಂಗುರ ಮೂಡಬೇಕು, ಆಗ ಕಾದಿದೆ ಅಂತ ಅರ್ಥ.

ಕಬ್ಬಿಣದ ಬಾಯಿ ಸುಮಾರು ಮುಕ್ಕಾಲು ಇಂಚು ಅಗಲ ಇರುತ್ತದೆ. ಮೊದಲು ಮೊಗ್ಗಿನ ಸುತ್ತ ಕೂದಲು ಕತ್ತರಿಸುತ್ತಾರೆ. ಇಲ್ಲದಿದ್ದರೆ ಹೊಗೆ ಕಣ್ಣಿಗೆ ಹೊಡೆಯುತ್ತದೆ, ಎಲ್ಲಿ ಇಡುತ್ತಿದ್ದೇವೆ ಅನ್ನುವುದೇ ಕಾಣುವುದಿಲ್ಲ. ಇಂಜೆಕ್ಷನ್ ಆದ ಮೇಲೆ ಐದು ಹತ್ತು ನಿಮಿಷ ಕಾದು, ಸೂಜಿ ತಾಗಿಸಿ ನೋಡುತ್ತಾರೆ. ಮರಿ ತಲೆ ಎಳೆದುಕೊಂಡರೆ ಇನ್ನೂ ಕಾಯಬೇಕು. ಆಮೇಲೆ ಟವಲಿನಲ್ಲಿ ನಾಲ್ಕೂ ಕಾಲು ಸುತ್ತಿ ನೀವು ತೊಡೆಯ ಮೇಲೆ ಹಿಡಿದುಕೊಳ್ಳಿ. ಕಿವಿ ಹಿಂದಕ್ಕೆ ಮಡಿಸಿ ಹಿಡಿಯಿರಿ, ಮೂಗು ಮುಚ್ಚದಂತೆ ನೋಡಿ.

ಕಬ್ಬಿಣವನ್ನು ಒಂದು ಸಲಕ್ಕೆ ಮೂರು ನಾಲ್ಕು ಸೆಕೆಂಡು ಸುತ್ತ ತಿರುಗಿಸುತ್ತಾ ಇಟ್ಟು ತೆಗೆಯುತ್ತಾರೆ. ಬೇಕಾದರೆ ಇನ್ನೊಂದು ಕೊಂಬು ಮುಗಿಸಿ ಬಂದು ಇದಕ್ಕೆ ಮತ್ತೆ ಇಡುತ್ತಾರೆ, ಅಷ್ಟರಲ್ಲಿ ಇದು ಆರಿರುತ್ತದೆ. ಮೊಗ್ಗಿನ ಸುತ್ತ ಪೂರ್ತಿ ತಾಮ್ರದ ಬಣ್ಣದ ಉಂಗುರ ಬಂದರೆ ಮುಗಿಯಿತು. ಹೊಸ ತಾಮ್ರದ ಚೊಂಬಿನ ಬಣ್ಣ ನೆನಪಿಸಿಕೊಳ್ಳಿ, ಅದೇ. ಎಲ್ಲಾದರೂ ಒಂದು ಕಡೆ ಉಂಗುರ ತುಂಡಾಗಿದ್ದರೆ ಅಲ್ಲಿಂದಲೇ ಮುರುಕು ಕೊಂಬು ಎದ್ದು ಬರುತ್ತದೆ. ಗಂಡು ಮರಿಗಳಲ್ಲಿ ಇದು ಜಾಸ್ತಿ, ಅವುಗಳ ಬುಡ ಉದ್ದುದ್ದ ಇರುತ್ತದೆ. ಮುಗಿದ ಕೂಡಲೇ ತಣ್ಣೀರಲ್ಲಿ ಅದ್ದಿದ ಬಟ್ಟೆ ಅರ್ಧ ನಿಮಿಷ ತಲೆ ಮೇಲೆ ಇಟ್ಟು, ತಾಯಿ ಹತ್ತಿರ ಬಿಡಿ. ಮರಿ ಬಾಲ ಆಡಿಸಿಕೊಂಡು ಹಾಲು ಕುಡಿಯಿತು ಅಂದರೆ ನಿಮಗೂ ಜೀವ ಬರುತ್ತದೆ.

ಟೆಟನಸ್ ಇಂಜೆಕ್ಷನ್ ಮರೆಯದೆ ಕೇಳಿ. ಸುಟ್ಟ ಗಾಯ, ಕೆಳಗೆ ಹಿಕ್ಕೆ, ಮಣ್ಣು. ಆ ರೋಗಕ್ಕೆ ಇದಕ್ಕಿಂತ ಒಳ್ಳೆ ಜಾಗ ಬೇಕಿಲ್ಲ. ತಾಯಿಗೆ ಗಬ್ಬದ ಕೊನೆಯ ತಿಂಗಳಲ್ಲಿ ಟಿಟಿ ಹಾಕಿಸಿದ್ದರೆ ಗಿಣ್ಣಿನಿಂದ ಮರಿಗೂ ರಕ್ಷಣೆ ಬಂದಿರುತ್ತದೆ, ಅದನ್ನು ಡಾಕ್ಟರಿಗೆ ಹೇಳಿ. ಇಟಿ ಲಸಿಕೆ ಹಾಕಿಸಿದ್ದೇವಲ್ಲ ಅಂತ ತುಂಬಾ ಜನ ಸುಮ್ಮನಾಗುತ್ತಾರೆ. ಅದು ಕರುಳಿನ ರೋಗದ್ದು. ಅದರಲ್ಲಿ ಟೆಟನಸ್ಸೂ ಸೇರಿದೆಯಾ ಅಂತ ಬಾಟಲಿ ಓದಬೇಕು.

ಪ್ರಶ್ನೆ (ತಿ. ನರಸೀಪುರ ಕಡೆಯಿಂದ):

ಕಬ್ಬಿಣ ಯಾಕೆ ಸಾರ್, ಹಚ್ಚುವ ಪೇಸ್ಟ್ ಬರುತ್ತಲ್ಲ? ಇಲ್ಲಾ ಕೊಂಬಿಲ್ಲದ ಹೋತವನ್ನೇ ತಂದು ಬಿಟ್ಟರೆ ಈ ತಾಪತ್ರಯವೇ ಇಲ್ಲ ಅಲ್ವಾ? ನಮ್ಮ ಬನ್ನೂರು ಕುರಿಗೆ ಕೊಂಬೇ ಇಲ್ಲ, ಎಷ್ಟು ಆರಾಮ.

ಉತ್ತರ:

ಪೇಸ್ಟ್ ಅಂದರೆ ಚರ್ಮ ಸುಡುವ ಕ್ಷಾರ. ಮೇಕೆ ಮರಿಗಳು ಒಂದರ ಮೇಲೊಂದು ಬಿದ್ದು ಮಲಗುತ್ತವೆ, ತಲೆ ಉಜ್ಜುತ್ತವೆ. ಹಾಲು ಕುಡಿಯುವಾಗ ತಾಯಿಯ ಕೆಚ್ಚಲಿಗೆ ಗುದ್ದುತ್ತವೆ. ಪೇಸ್ಟ್ ಕೆಚ್ಚಲಿಗೂ ಹತ್ತುತ್ತದೆ, ಇನ್ನೊಂದು ಮರಿಯ ಕಣ್ಣಿಗೂ ಹೋಗುತ್ತದೆ. ಮಳೆ ಬಂದರೆ ಹಣೆಯಿಂದ ಇಳಿದು ಅದರದ್ದೇ ಕಣ್ಣಿಗೆ. ನೋವೂ ಕಮ್ಮಿ ಇಲ್ಲ. ಮೇಕೆಗೆ ಬೇಡ. ಸುಣ್ಣವೂ ಬೇಡ.

ಹೋತದ ವಿಷಯ ಚೆನ್ನಾಗಿ ಕೇಳಿದಿರಿ. ಮೇಕೆಯಲ್ಲಿ ಹುಟ್ಟಾ ಕೊಂಬಿಲ್ಲದ ಗುಣದ ಜೊತೆ ಇನ್ನೊಂದು ತೊಂದರೆ ಅಂಟಿಕೊಂಡಿದೆ. ತಂದೆ ತಾಯಿ ಇಬ್ಬರಿಂದಲೂ ಆ ಗುಣ ಬಂದ ಹೆಣ್ಣು ಮರಿ ಸರಿಯಾದ ಹೆಣ್ಣಾಗಿ ಬೆಳೆಯುವುದಿಲ್ಲ, ಗಂಡಿನ ಲಕ್ಷಣ ಬೆರೆತು ಬಂಜೆಯಾಗುತ್ತದೆ. ಇದಕ್ಕೆ ಕಾರಣವಾದ ವಂಶವಾಹಿಯ ತುಣುಕನ್ನು ಫ್ರಾನ್ಸಿನ ವಿಜ್ಞಾನಿಗಳು 2001ರಲ್ಲಿ ಗುರುತಿಸಿದರು. ಹಾಗಾಗಿ ಕೊಂಬಿಲ್ಲದ ಹೋತ ತಂದರೆ ಹುಟ್ಟಾ ಕೊಂಬಿರುವ ಹೆಣ್ಣಿಗೇ ಬಿಡಿ. ಇಬ್ಬರಲ್ಲಿ ಒಬ್ಬರಿಗಾದರೂ ಕೊಂಬಿನ ಹುಟ್ಟು ಇರಲೇಬೇಕು. ಸುಟ್ಟ ಹೆಣ್ಣಾದರೂ ಪರವಾಗಿಲ್ಲ, ಸುಟ್ಟದ್ದು ಮರಿಗೆ ಹೋಗುವುದಿಲ್ಲ. ಬನ್ನೂರು ಕುರಿಯಲ್ಲಿ ಗಂಡಿಗೂ ಹೆಣ್ಣಿಗೂ ಕೊಂಬಿಲ್ಲ, ಅಲ್ಲಿ ಈ ಕಾಟವೂ ಇಲ್ಲ. ಕುರಿಯ ಲೆಕ್ಕ ಬೇರೆ.

ಹುಟ್ಟಾ ಕೊಂಬಿಲ್ಲದ ಮರಿಯನ್ನು ಸುಮ್ನೆ ಸುಡುವುದನ್ನೂ ನೋಡಿದ್ದೇನೆ. ಕರೆಸುವ ಮೊದಲು ತಲೆ ಒದ್ದೆ ಮಾಡಿ ನೋಡಿ. ಕೊಂಬು ಬರುವ ಮರಿಗೆ ಎರಡು ಕಡೆ ಎರಡು ಸುಳಿ ಇರುತ್ತದೆ, ಮೊಗ್ಗಿನ ಮೇಲಿನ ಚರ್ಮ ಬೆರಳಲ್ಲಿ ಸರಿಸಿದರೆ ಸರಿಯುವುದಿಲ್ಲ. ಕೊಂಬು ಬಾರದ ಮರಿಯಲ್ಲಿ ಗುಬುಟು ಇದ್ದರೂ ಚರ್ಮ ಸಡಿಲವಾಗಿ ಜಾರುತ್ತದೆ. ಎತ್ತಿಗೆ ಸುಳಿ ನೋಡುವ ನಮ್ಮ ಹಿರಿಯರಿಗೆ ಇದು ಒಂದೇ ನೋಟಕ್ಕೆ ಸಿಗುತ್ತದೆ.

ಪ್ರಶ್ನೆ (ನಾಗಮಂಗಲ ಕಡೆಯಿಂದ):

ನಮ್ಮದು ಎಂಟು ತಿಂಗಳ ಮೇಕೆ. ಕೊಂಬು ಗರಗಸದಲ್ಲಿ ಕೊಯ್ಯಬಹುದಾ?

ಉತ್ತರ:

ಬೇಡ. ಬೆಳೆದ ಕೊಂಬಿನ ಒಳಗೆ ಜೀವಂತ ಮೂಳೆ, ರಕ್ತ ಇದೆ. ಬುಡದಲ್ಲಿ ಕೊಯ್ದರೆ ಹಣೆಯ ಒಳಗಿನ ಟೊಳ್ಳು ತೆರೆದುಕೊಳ್ಳುತ್ತದೆ. ತುದಿ ಚೂಪಾಗಿದ್ದರೆ ರಕ್ತ ಬಾರದಷ್ಟು ತುದಿ ಮಾತ್ರ ಅರದಲ್ಲಿ ಉಜ್ಜಿ ಮೊಂಡು ಮಾಡಿ. ತಂತಿ ಬೇಲಿಯಲ್ಲಿ ತಲೆ ಸಿಕ್ಕಿಕೊಳ್ಳುತ್ತಿದ್ದರೆ ಎರಡು ಕೊಂಬಿಗೂ ಅಡ್ಡಲಾಗಿ ಒಂದು ಹಗುರ ಕೋಲು ಕಟ್ಟಿ.

ಮೊದಲು ಕೇಳಿದವರು (ಹತ್ತು ದಿನದ ನಂತರ):

ಡಾಕ್ಟ್ರೇ, ಎರಡು ಹೆಣ್ಣುಮರಿಗೂ ಆಯಿತು. ಗಂಡನ್ನು ಬಿಟ್ಟೆವು. ಮಾವನೇ ಮರಿ ಹಿಡಿದುಕೊಂಡರು. ಇಂಜೆಕ್ಷನ್ ಆದ ಮೇಲೆ ಮರಿ ಅರಚಲೇ ಇಲ್ಲ, ಅದು ನೋಡಿ ಅವರಿಗೇ ಆಶ್ಚರ್ಯ. ಈಗ ಚೆನ್ನಾಗಿ ನೆಗೆದಾಡುತ್ತಿವೆ. ಆದರೆ ಒಂದಕ್ಕೆ ಹಕ್ಕಳೆಯ ಅಂಚು ಎದ್ದಿದೆ, ನೊಣ ಕೂರುತ್ತಿದೆ. ಕಿತ್ತು ಅರಿಸಿನ ಹಚ್ಚಲಾ?

ಉತ್ತರ:

ಬಹಳ ಸಂತೋಷ ಆಯಿತಮ್ಮ. ಕೀಳಬೇಡಿ. ಹಕ್ಕಳೆ ತಾನಾಗಿ ಬೀಳಲು ಮೂರರಿಂದ ಆರು ವಾರ ಬೇಕು. ಕಿತ್ತರೆ ರಕ್ತ ಬಂದು ನೊಣ ಇನ್ನೂ ಜಾಸ್ತಿ. ಅರಿಸಿನ, ಬೂದಿ, ಸಗಣಿ ಏನೂ ಬೇಡ, ಗಾಯ ಒಣಗಿರಲಿ. ನೊಣ ಓಡಿಸುವ ಸ್ಪ್ರೇ ಅದೇ ಡಾಕ್ಟರ ಹತ್ತಿರ ಕೇಳಿ, ಕಣ್ಣಿಗೆ ಕೈ ಅಡ್ಡ ಇಟ್ಟು ಗಾಯದ ಸುತ್ತ ಹೊಡೆಯಿರಿ. ದಿನಕ್ಕೊಮ್ಮೆ ಮೂಸಿ ನೋಡಿ. ಕೆಟ್ಟ ವಾಸನೆ, ಕೀವು, ಅಂಚಿನಲ್ಲಿ ಹುಳು ಕಂಡರೆ ಅವತ್ತೇ ತೋರಿಸಿ.

ಇನ್ನೂ ಎರಡು ವಾರ ನಡಿಗೆ ಮೇಲೆ ಕಣ್ಣಿರಲಿ. ಕಾಲು ಕಟ್ಟಿಗೆಯಂತೆ ಬಿಗಿದು, ಕಿವಿ ನೆಟ್ಟಗೆ ನಿಂತು, ಬಾಯಿ ಬಿಡಲಾಗದೆ ಹಾಲು ಬಿಟ್ಟರೆ ಅದು ಟೆಟನಸ್. ಮಂಕಾಗಿ ತಲೆ ಗೋಡೆಗೆ ಒತ್ತಿದರೆ ಮೆದುಳಿಗೆ ಏಟು. ಇವೆರಡರಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ಆಸ್ಪತ್ರೆ ಮುಚ್ಚಿದ್ದರೆ 1962ಕ್ಕೆ ಫೋನ್ ಮಾಡಿ, ಪಶು ಆಂಬುಲೆನ್ಸ್ ಸಹಾಯವಾಣಿ ಅದು.

ಮಾವನವರು ಮರಿ ಹಿಡಿದ ಫೋಟೋ ಇದ್ದರೆ ಹಾಕಿ. ಮಳವಳ್ಳಿಯ ತಮ್ಮ ಹೇಗೆ ಹಿಡಿಯಬೇಕು ಅಂತ ನೋಡಿಕೊಳ್ಳಲಿ.