ಪುಟ್ಟನ ಬ್ಲಾಗ್ ವಿಷಯಕ್ಕೆ ಚಿಕ್ಕಮ್ಮನ ಉತ್ತರ

ಪುಟ್ಟ, ನಿನ್ನೆ ರಾತ್ರಿ ನೀನು ಗ್ರೂಪಿಗೆ ಹಾಕಿದ್ದನ್ನು ಬೆಳಿಗ್ಗೆ ಓದಿದೆ. ಬ್ಲಾಗ್ ಶುರು ಮಾಡಿದ್ದೀಯ, ಹೋದ ವಾರ ಆಡ್‌ಸೆನ್ಸ್ (ಬ್ಲಾಗಿನಲ್ಲಿ ಜಾಹೀರಾತು ಹಾಕಿ ದುಡ್ಡು ಕೊಡುವ ಗೂಗಲ್‌ನ ವ್ಯವಸ್ಥೆ) ಒಪ್ಪಿಗೆಯೂ ಸಿಕ್ಕಿದೆ, ಮನೆಯವರೆಲ್ಲ ದಿನಾ ಒಂದು ಸಲ ಅಲ್ಲಿಗೆ ಹೋಗಿ ಜಾಹೀರಾತು ಒತ್ತಬೇಕು, ಅಕ್ಕ, ಅಂದ್ರೆ ನಿನ್ನಮ್ಮ, 25,000 ರೂಪಾಯಿ ಕೊಟ್ಟರೆ ಆನ್‌ಲೈನ್ ಕೋರ್ಸ್ ಸೇರುತ್ತೀಯ, ಆರು ತಿಂಗಳು ಕಳೆದರೆ ತಿಂಗಳಿಗೆ 50,000 ಬರುತ್ತದೆ ಅಂತ ಬರೆದಿದ್ದೀಯ. ಕೆಳಗೆ ಭಾವ "ಮೊದಲು ತೋಟಕ್ಕೆ ನೀರು ಬಿಡು" ಅಂತ ಹಾಕಿದ್ದಾರೆ. ಅಕ್ಕ ಏನೂ ಹೇಳಿಲ್ಲ. ಅಂದ್ರೆ ದುಡ್ಡು ಕೊಡೋಕೆ ಮನಸ್ಸು ಮಾಡಿದ್ದಾಳೆ ಅಂತ ಲೆಕ್ಕ. ಅದಕ್ಕೇ ನಾನು ಮಧ್ಯೆ ಬಂದೆ. ಫೋನಿಗೆ ಮಾತಾಡಿ ಬರೆಸುತ್ತಿದ್ದೇನೆ, ಉದ್ದವಾಗುತ್ತದೆ, ಆದರೂ ಪೂರ್ತಿ ಓದು.

ಮೊದಲು ತುರ್ತಿನ ಮಾತು. ಆ ಮೆಸೇಜ್ ಈಗಲೇ ಅಳಿಸು. ಯಾರೂ ಒತ್ತಬೇಡಿ, ದೊಡ್ಡಮ್ಮ, ನೀವೂ ಒತ್ತಬೇಡಿ. ಅಲ್ಲಿ ಜಾಹೀರಾತು ಕೊಟ್ಟವನು ಟ್ರ್ಯಾಕ್ಟರ್ ಮಾರುವವನೋ ಬೀಜ ಮಾರುವವನೋ ಇರುತ್ತಾನೆ, ನಿಜವಾಗಿ ಬೇಕಾದವರು ನೋಡಲಿ ಅಂತ ದುಡ್ಡು ಕಟ್ಟಿರುತ್ತಾನೆ. ಒಂದೇ ಮನೆಯ ವೈಫೈನಿಂದ, ಅದೇ ನಾಲ್ಕು ಫೋನಿಂದ ದಿನಾ ಒತ್ತುತ್ತಿದ್ದರೆ ಗೂಗಲ್‌ಗೆ ಗೊತ್ತಾಗುತ್ತದೆ. ನೀನೇ ಒತ್ತುವುದು, ಬೇರೆಯವರಿಗೆ ಒತ್ತಿ ಅಂತ ಕೇಳುವುದು, ಎರಡೂ ಅವರ ನಿಯಮದಲ್ಲಿ ತಪ್ಪು. ಖಾತೆ ಮುಚ್ಚುತ್ತಾರೆ. ಅದರಲ್ಲಿ ಸೇರಿದ್ದ ದುಡ್ಡು ಜಾಹೀರಾತು ಕೊಟ್ಟವರಿಗೆ ವಾಪಸ್ ಹೋಗುತ್ತದೆ. ಒಂದು ಸಲ ಹಾಗೆ ಮುಚ್ಚಿದರೆ ಮತ್ತೆ ತೆಗೆಸುವುದು ತುಂಬಾ ಕಷ್ಟ. ಕಷ್ಟಪಟ್ಟು ಸಿಕ್ಕ ಒಪ್ಪಿಗೆಯನ್ನು ಮನೆಯವರ ಪ್ರೀತಿಯಿಂದಲೇ ಕಳೆದುಕೊಳ್ಳಬೇಡ.

ಇನ್ನು ದುಡ್ಡಿನ ವಿಷಯ. ನನ್ನ ಬ್ಲಾಗಿನ ಲೆಕ್ಕವನ್ನು ನಾನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ, ಇವತ್ತು ಹೇಳುತ್ತೇನೆ. ನನ್ನ ಪುಟ ಸಾವಿರ ಸಲ ತೆರೆದರೆ ನನಗೆ ಸಿಗುವುದು ಹೆಚ್ಚುಕಡಿಮೆ 50 ರೂಪಾಯಿ. ಒಂದೊಂದು ತಿಂಗಳು 40, ದಸರಾ ದೀಪಾವಳಿ ಸಮಯದಲ್ಲಿ 60. ಇಂಗ್ಲಿಷ್‌ನಲ್ಲಿ ಸಾಲ, ವಿಮೆ ಬಗ್ಗೆ ಬರೆಯುವವರಿಗೆ ಜಾಸ್ತಿ ಬರುತ್ತದೆ, ಯಾಕೆಂದರೆ ಅಲ್ಲಿ ಜಾಹೀರಾತು ಕೊಡುವವರ ಪೈಪೋಟಿ ಜಾಸ್ತಿ. ಈಗ ನೀನೇ ಲೆಕ್ಕ ಹಾಕು. ಆಡ್‌ಸೆನ್ಸ್ 100 ಡಾಲರ್ ಆಗುವವರೆಗೆ ದುಡ್ಡು ಕಳಿಸುವುದಿಲ್ಲ. 100 ಡಾಲರ್ ಅಂದ್ರೆ ಎಂಟು ಸಾವಿರದ ಮೇಲೆ. ನನ್ನ ದರದಲ್ಲಿ ಅದಕ್ಕೆ ಒಂದೂವರೆ ಲಕ್ಷಕ್ಕಿಂತ ಜಾಸ್ತಿ ಸಲ ಜನ ಪುಟ ತೆರೆಯಬೇಕು. ನೀನು ಹೇಳುವ 50,000ಕ್ಕೆ ತಿಂಗಳಿಗೆ ಹತ್ತು ಲಕ್ಷ ಸಲ. ನಾನು ಇಷ್ಟು ವರ್ಷ ಬರೆದು, ಸುಮಾರು 140 ಬರಹ ಹಾಕಿದ ಮೇಲೆ ನನಗೆ ತಿಂಗಳಿಗೆ ಬರುವುದು ಒಂದು ಲಕ್ಷ ಇಪ್ಪತ್ತು ಸಾವಿರ, ಅಂದ್ರೆ ಆರು ಸಾವಿರ ರೂಪಾಯಿ. ಅಂಗಡಿ ಬಾಡಿಗೆ ಅದರಲ್ಲಿ ಹೋಗುತ್ತದೆ. ನನಗೆ ಅದು ದೊಡ್ಡದೇ. ಆದರೆ ಅದನ್ನು ನಂಬಿ ಸಂಸಾರ ಮಾಡೋಕೆ ಆಗಲ್ಲ.

ನಾನು ಬ್ಲಾಗ್ ಶುರು ಮಾಡಿದ್ದು 2017ರಲ್ಲಿ. ಆಗ ಕನ್ನಡದಲ್ಲಿ ಬರೆದ ಬ್ಲಾಗಿಗೆ ಆಡ್‌ಸೆನ್ಸ್ ಕೊಡುತ್ತಲೇ ಇರಲಿಲ್ಲ. ಹಿಂದಿಗೆ 2014ರ ಕೊನೆಯಲ್ಲೇ ಬಂದಿತ್ತು, ತಮಿಳಿಗೆ 2018ರಲ್ಲಿ ಬಂತು, ನಾವು ಕಾಯುತ್ತಾ ಕೂತಿದ್ದೆವು. ದುಡ್ಡಿಲ್ಲದೆ ಯಾಕೆ ಬರೆದೆ ಅಂತ ನೀನು ಕೇಳಬಹುದು. ನನ್ನದು ತಾಲ್ಲೂಕು ಆಫೀಸಿನ ಎದುರಿಗಿರುವ ಜೆರಾಕ್ಸ್ ಅಂಗಡಿ, ದಿನಕ್ಕೆ ಹತ್ತು ಜನ ಅದೇ ಪ್ರಶ್ನೆ ಕೇಳುತ್ತಿದ್ದರು. ಅಪ್ಪ ಹೋಗಿಬಿಟ್ಟರು, ಜಮೀನು ಅವರ ಹೆಸರಲ್ಲೇ ಇದೆ, ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಏನೇನು ಬೇಕು? ಹೇಳಿ ಹೇಳಿ ಸಾಕಾಗಿ ಒಂದು ದಿನ ಬರೆದೆ. ಪಹಣಿ, ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಎಲ್ಲ ವಾರಸುದಾರರ ಆಧಾರ್. ಇಷ್ಟನ್ನು ಯಾರು ಬೇಕಾದರೂ ಬರೆಯುತ್ತಾರೆ.

ಜನ ಸಿಕ್ಕಿಹಾಕಿಕೊಳ್ಳುವುದು ಅಲ್ಲಲ್ಲ, ಹೆಸರಿನಲ್ಲಿ. ಪಹಣಿಯಲ್ಲಿ "ತಿಮ್ಮಯ್ಯ ಬಿನ್ ಲೇಟ್ ಕರಿಯಪ್ಪ" ಅಂತ ಇರುತ್ತದೆ. ಆಧಾರ್‌ನಲ್ಲಿ "ಕೆ. ತಿಮ್ಮಪ್ಪ". ಮರಣ ಪತ್ರದಲ್ಲಿ ಮಗ ಗಾಬರಿಯಲ್ಲಿ ಹೇಳಿದ "ತಿಮ್ಮಣ್ಣ". ಮೂರೂ ಒಬ್ಬರೇ, ಆದರೆ ಕಾಗದಕ್ಕೆ ಮೂರು ಜನ. ಅದಕ್ಕೆ ನಾನು ಆ ಬರಹದಲ್ಲಿ ಮೊದಲ ಸಾಲಲ್ಲೇ ಹಾಕಿದೆ: ಮರಣ ನೋಂದಣಿಗೆ ಹೋಗುವ ಮುಂಚೆ ಪಹಣಿ ತೆಗೆಸಿ, ಅದರಲ್ಲಿ ಹೆಸರು ಹೇಗಿದೆ ಅಂತ ನೋಡಿಕೊಂಡು ಹೋಗಿ. ಈ ಒಂದು ಸಾಲು ಬೇರೆ ಎಲ್ಲೂ ಇರಲಿಲ್ಲ. ಇವತ್ತಿಗೂ ನನ್ನ ಬ್ಲಾಗಿನಲ್ಲಿ ಜಾಸ್ತಿ ಓದುವ ಬರಹ ಅದೇ, ದಿನಕ್ಕೆ 300 ಜನ. ಅರಸೀಕೆರೆ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯಿಂದ ಅದನ್ನು ಓದಿಕೊಂಡು ಕಾಗದದ ಕವರ್ ಹಿಡಿದು ಅಂಗಡಿಗೆ ಬರುತ್ತಾರೆ. ಜಾಹೀರಾತಿಗಿಂತ ಆ ಗಿರಾಕಿಗಳಿಂದಲೇ ನನಗೆ ಹೆಚ್ಚು ಆದಾಯ, ಇದನ್ನು ಯಾವ ಕೋರ್ಸಿನವರೂ ಹೇಳುವುದಿಲ್ಲ.

ಇನ್ನೊಂದು ನನಗೆ ತಡವಾಗಿ ತಿಳಿದದ್ದು. ಸರ್ಚ್ ಕನ್ಸೋಲ್ ಅಂತ ಗೂಗಲ್‌ದೇ ಇದೆ, ಉಚಿತ. ಜನ ಯಾವ ಮಾತು ಹಾಕಿ ಹುಡುಕಿ ನಿನ್ನ ಪುಟಕ್ಕೆ ಬಂದರು ಅಂತ ಅದು ತೋರಿಸುತ್ತದೆ. ನಾನು "ಪೌತಿ ಖಾತೆ" ಅಂತ ಬರೆದಿದ್ದೆ. ನೋಡಿದರೆ ಜನ "ತಂದೆ ಹೆಸರಿಂದ ಮಗನ ಹೆಸರಿಗೆ ಜಮೀನು" ಅಂತ ಹುಡುಕುತ್ತಿದ್ದರು, ಅದೂ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡಿ. ಆ ಮಾತನ್ನೇ ಬರಹದ ತಲೆಬರಹಕ್ಕೆ ತಂದೆ. ಎರಡು ತಿಂಗಳಲ್ಲಿ ಓದುವವರು ಮೂರು ಪಟ್ಟಾದರು. ಕೋರ್ಸಿನಲ್ಲಿ 25,000 ತೆಗೆದುಕೊಂಡು ಹೇಳಿಕೊಡುವುದು ಇದನ್ನೇ. ಇದೆಲ್ಲ ಗೂಗಲ್‌ನ ಸಹಾಯ ಪುಟಗಳಲ್ಲೂ ಯೂಟ್ಯೂಬ್‌ನಲ್ಲೂ ಪುಕ್ಕಟೆ ಸಿಗುತ್ತದೆ. ಆ ಕೋರ್ಸಿನವರು ತೋರಿಸಿದ ಸ್ಕ್ರೀನ್‌ಶಾಟ್ ನೀನು ಕಳಿಸಿದ್ದೀಯಲ್ಲ, ಅದರಲ್ಲಿ ದುಡ್ಡು ಇದೆ, ಆದರೆ ಯಾವ ಬ್ಲಾಗಿನದು ಅಂತ ಎಲ್ಲಿದೆ? ಬ್ಲಾಗಿನ ಹೆಸರು ಕೇಳು. ಹೇಳದಿದ್ದರೆ ಅಲ್ಲಿಗೆ ಬಿಡು. ಅಕ್ಕ, ಆ ದುಡ್ಡು ಈಗ ಕೊಡಬೇಡ ಕಣೆ.

ಖರ್ಚು ಮಾಡಲೇಬೇಕು ಅಂತಿದ್ದರೆ ಬ್ಲಾಗಿಗೆ ಸ್ವಂತ ಹೆಸರಿನ ವೆಬ್ ವಿಳಾಸ ತಗೋ, ವರ್ಷಕ್ಕೆ ಹೆಚ್ಚುಕಡಿಮೆ ಸಾವಿರ ಆಗುತ್ತದೆ. ಬ್ಲಾಗ್ ಬರೆಯೋಕೆ ಗೂಗಲ್ ಕೊಡುವ ಬ್ಲಾಗರ್ ಉಚಿತ, ಅದಕ್ಕೇ ಆ ವಿಳಾಸ ಜೋಡಿಸಬಹುದು. ನಾನು ಒಂದು ಸಲ ಬ್ಲಾಗ್ ಇಡೋಕೆ ಬಾಡಿಗೆಗೆ ಜಾಗ ಕೊಡುವ ಯಾವುದೋ ಹೋಸ್ಟಿಂಗ್ ಕಂಪನಿಯ ಮೊದಲ ವರ್ಷದ ಕಡಿಮೆ ಬೆಲೆ ನೋಡಿ 1,200 ಕಟ್ಟಿ ಬ್ಲಾಗ್ ಅಲ್ಲಿಗೆ ಸಾಗಿಸಿದೆ. ಎರಡನೇ ವರ್ಷ 5,400 ಕೇಳಿದರು. ಕಟ್ಟದಿದ್ದರೆ ಬರಹ ಹೋಗುತ್ತದೆ ಅಂತ ಹೆದರಿ ಕಟ್ಟಿದೆ, ಆಮೇಲೆ ವಾಪಸ್ ಬ್ಲಾಗರ್‌ಗೆ ತಂದೆ. ನವೀಕರಣದ ದರ ಎಷ್ಟು ಅಂತ ಮೊದಲೇ ನೋಡು.

ನೀನು ಕೆಳಗೆ ಇನ್ನೊಂದು ಬರೆದಿದ್ದೀಯ, ಎಐ ಕೈಲಿ ದಿನಕ್ಕೆ ಐವತ್ತು ಬರಹ ಬರೆಸುತ್ತೇನೆ ಅಂತ. ಬೇಡ ಪುಟ್ಟ. 2024ರ ಮಾರ್ಚ್‌ನಲ್ಲಿ ಗೂಗಲ್ ನಿಯಮ ಬಿಗಿ ಮಾಡಿತು. ಹುಡುಕಾಟದಲ್ಲಿ ಮೇಲೆ ಬರಲಿ ಅಂತಲೇ ರಾಶಿ ರಾಶಿ ಪುಟ ತಯಾರಿಸಿದರೆ, ಯಂತ್ರ ಬರೆದಿರಲಿ ಮನುಷ್ಯ ಬರೆದಿರಲಿ, ಸ್ಪ್ಯಾಮ್ ಅಂತ ಹಿಂದಕ್ಕೆ ತಳ್ಳುತ್ತದೆ, ಇಲ್ಲವೇ ತೆಗೆದೇ ಹಾಕುತ್ತದೆ. ನಿಯಮ ಬಿಡು, ಬರಹ ಸರಿ ಇರುತ್ತದಾ ಅಂತ ನೋಡೋಣ ಅಂತ ನಾನೇ ಅಂಥ ಒಂದು ಎಐನಲ್ಲಿ ಪೌತಿ ಖಾತೆ ಬಗ್ಗೆ ಕೇಳಿದೆ. ಚೆಂದದ ಕನ್ನಡದಲ್ಲಿ ಉತ್ತರ ಕೊಟ್ಟಿತು. ಮಧ್ಯದಲ್ಲಿ "ಪಟ್ಟಾ, ಚಿಟ್ಟಾ ಪ್ರತಿ ಪಡೆಯಿರಿ" ಅಂತಿತ್ತು. ಅದು ತಮಿಳುನಾಡಿನ ಕಾಗದ! ಅದನ್ನು ನಂಬಿ ಒಬ್ಬ ರೈತ ನಮ್ಮ ನಾಡಕಚೇರಿಯಲ್ಲಿ ಚಿಟ್ಟಾ ಕೇಳಿದರೆ ಏನಾಗುತ್ತದೆ ಹೇಳು. ಸಾಮಾನ್ಯ ಪ್ರಶ್ನೆಗೆ ಈಗ ಗೂಗಲ್ಲೇ ಮೇಲ್ಗಡೆ ಎಐ ಉತ್ತರ ಕೊಟ್ಟುಬಿಡುತ್ತದೆ, 2024ರ ಆಗಸ್ಟ್‌ನಲ್ಲಿ ನಮ್ಮ ದೇಶಕ್ಕೂ ಅದು ಬಂತು, ಮೊದಲು ಇಂಗ್ಲಿಷ್, ಹಿಂದಿಯಲ್ಲಿ. ಎಲ್ಲರಿಗೂ ಗೊತ್ತಿರುವುದನ್ನೇ ನೀನೂ ಬರೆದರೆ ನಿನ್ನ ಪುಟದವರೆಗೆ ಜನ ಯಾಕೆ ಬರಬೇಕು?

ಈಗ ನನಗೆ ನಿಜವಾಗಿ ಸಂಕಟ ಆದ ವಿಷಯಕ್ಕೆ ಬರುತ್ತೇನೆ. ನಿನ್ನ ಬ್ಲಾಗ್ ನೋಡಿದೆ. ಇರುವ ಒಂಬತ್ತು ಬರಹದಲ್ಲಿ ಏಳು ಸರ್ಕಾರದ ಯೋಜನೆಯವು. "ಗೃಹಲಕ್ಷ್ಮಿ: ಇವತ್ತೇ ಕೊನೆ ದಿನ" ಅಂತ ಒಂದಿದೆ. ಯಾವ ಆದೇಶ ನೋಡಿ ಬರೆದೆ? ಬೇರೆ ಬ್ಲಾಗಿನಿಂದ ಎತ್ತಿ ಹಾಕಿದ್ದೀಯ ಅಂತ ಗೊತ್ತಾಗುತ್ತದೆ. 2023ರ ಆಗಸ್ಟ್‌ನಲ್ಲಿ ಮೈಸೂರಿನಲ್ಲಿ ಆ ಯೋಜನೆ ಶುರುವಾದಾಗಿನಿಂದ ಈ ಥರದ ಪುಟಗಳು ಅಣಬೆ ಎದ್ದಂತೆ ಎದ್ದಿವೆ. ಜನರಿಗೆ ಆ 2,000 ರೂಪಾಯಿಯ ಆತಂಕ, ಇವರಿಗೆ ಕ್ಲಿಕ್.

ಹೋದ ಮಳೆಗಾಲದಲ್ಲಿ ಒಬ್ಬ ಅಜ್ಜಿ ಬಂದಿದ್ದರು. ಸೆರಗಿನಲ್ಲಿ ಪ್ಲಾಸ್ಟಿಕ್ ಕವರ್, ಅದರಲ್ಲಿ ರೇಷನ್ ಕಾರ್ಡು, ಪಾಸ್‌ಬುಕ್ಕು, ಮೊಮ್ಮಗ ಬರೆದುಕೊಟ್ಟ ಚೀಟಿ. ಚೀಟಿಯಲ್ಲಿ "ಇವತ್ತು ಮತ್ತೆ ಅರ್ಜಿ ಹಾಕದಿದ್ದರೆ ಹಣ ನಿಲ್ಲುತ್ತದೆ" ಅಂತಿತ್ತು. ಒಂದು ದಿನದ ಕೂಲಿ ಬಿಟ್ಟು, ಮಳೆಯಲ್ಲಿ ನೆನೆದು, ಎರಡು ಬಸ್ಸು ಬದಲಿಸಿ ಬಂದಿದ್ದರು. ಅಂಥ ಆದೇಶವೇ ಇರಲಿಲ್ಲ. ಅವರಿಗೆ ಎರಡು ತಿಂಗಳಿಂದ ದುಡ್ಡು ಬಾರದಿದ್ದ ಕಾರಣ ಬೇರೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ತಪ್ಪಿತ್ತು. ಬ್ಯಾಂಕಿಗೆ ಕಳಿಸಿದೆ. ಅವತ್ತು ಆಗಲೇ ಹೊತ್ತು ಮೀರಿತ್ತು, ಮಾರನೇ ದಿನ ಮತ್ತೆ ಬಂದರು, ಇನ್ನೊಂದು ಕೂಲಿ ಹೋಯಿತು. ಆ ಪುಟ ಬರೆದವನಿಗೆ ಆ ಅಜ್ಜಿಯಿಂದ ಐದು ಪೈಸೆ ಬಂದಿರಬಹುದು. ಪುಟ್ಟ, ನಮ್ಮ ಮನೆಯ ಹುಡುಗ ಆ ಐದು ಪೈಸೆ ತೆಗೆದುಕೊಳ್ಳುವುದು ನನಗೆ ಬೇಡ. ಆ ಏಳನ್ನೂ ಇವತ್ತೇ ತೆಗೆದುಬಿಡು.

ಕದ್ದು ಹಾಕುವುದರ ಬಗ್ಗೆಯೂ ಹೇಳುತ್ತೇನೆ, ನನಗೇ ಆಗಿದೆ. ನನ್ನ ಪೌತಿ ಖಾತೆ ಬರಹವನ್ನು ಒಬ್ಬರು ಹಾಗೇ ಎತ್ತಿ ತಮ್ಮದಕ್ಕೆ ಹಾಕಿಕೊಂಡಿದ್ದರು, "ವಾರಸುದಾರ" ಅನ್ನುವಲ್ಲಿ ನಾನು ಮಾಡಿದ್ದ ಅಕ್ಷರ ತಪ್ಪಿನ ಸಮೇತ. ಗೂಗಲ್‌ಗೆ ಹಕ್ಕುಸ್ವಾಮ್ಯದ ದೂರಿನ ಫಾರಂ ತುಂಬಿದೆ, ಹುಡುಕಾಟದಿಂದ ಆ ಪುಟ ಹೋಯಿತು. ಅವತ್ತು ಎಷ್ಟು ಹೊಟ್ಟೆ ಉರಿದಿತ್ತು ಅಂತ ನನಗೇ ಗೊತ್ತು.

ಹಾಗಾದರೆ ಏನು ಬರೆಯಬೇಕು ಅಂತೀಯ. ನಿಮ್ಮ ಅಟ್ಟದ ಮೇಲೆ ಇದೆಯಲ್ಲೋ! ತಿಪಟೂರಿನ ಉಂಡೆ ಕೊಬ್ಬರಿ ಅಂದ್ರೆ ಎಲ್ಲಿಯವರೆಗೂ ಹೆಸರು. ಅದು ಹೇಗೆ ಆಗುತ್ತದೆ ಅಂತ ಕನ್ನಡದಲ್ಲಿ ನೆಟ್ಟಗೆ ಬರೆದಿರುವುದನ್ನು ನಾನು ಕಂಡಿಲ್ಲ. ಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಹೇಗೆ ಇಡಬೇಕು, ಕೆಳಗೆ ಗಾಳಿ ಹೇಗೆ ಆಡಬೇಕು, ಯಾವ ಕಾಯಿ ಕೊಳೆಯುತ್ತದೆ, ಇಲಿ ಕಾಟಕ್ಕೆ ಏನು ಮಾಡುತ್ತೀರಿ. ಬೆಂಬಲ ಬೆಲೆಗೆ ಕೊಬ್ಬರಿ ಕೊಳ್ಳುವ ನಾಫೆಡ್‌ಗೆ ಕೊಡುವಾಗ ಫ್ರೂಟ್ಸ್ ಐಡಿಯಲ್ಲಿ (ಸರ್ಕಾರದ ರೈತರ ನೋಂದಣಿ ಸಂಖ್ಯೆ) ಸರ್ವೆ ನಂಬರ್ ಸೇರಿಲ್ಲ ಅಂತ ಎಷ್ಟು ಜನ ವಾಪಸ್ ಬಂದರು, ನೀನೇ ಸಾಲಲ್ಲಿ ನಿಂತಿದ್ದೆ. 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 12,000 ಬೆಂಬಲ ಬೆಲೆ ಇತ್ತು ಅಂತ ಯಾರು ಬೇಕಾದರೂ ಹೇಳುತ್ತಾರೆ, ಆ ಬೆಲೆಗೆ ಕೊಡೋಕೆ ಹೋದ ರೈತ ಮನೆಯಿಂದ ಏನೇನು ಹಿಡಿದು ಹೊರಡಬೇಕು ಅಂತ ನಿನ್ನಂಥವನೇ ಹೇಳಬೇಕು. ಡ್ರಿಪ್ ಪೈಪ್ ಉಪ್ಪು ಕಟ್ಟಿದಾಗ ನೀನು ಹೋದ ವರ್ಷ ಒಬ್ಬನೇ ಬಿಚ್ಚಿ ತೊಳೆದೆಯಲ್ಲ, ಅದನ್ನು ಫೋಟೊ ಸಮೇತ ಹಾಕು. ವಾರಕ್ಕೆ ಒಂದು ಸಾಕು.

ದುಡ್ಡಿನ ಕಾಗದ ಪತ್ರ ಬೇಗ ಹೇಳಿಬಿಡುತ್ತೇನೆ. ಖಾತೆಯಲ್ಲಿ 10 ಡಾಲರ್ ಆದಾಗ ನಿನ್ನ ವಿಳಾಸ ಖಚಿತ ಮಾಡಿಕೊಳ್ಳೋಕೆ ಅಂಚೆಯಲ್ಲಿ ಪಿನ್ ಸಂಖ್ಯೆ ಬರುತ್ತದೆ. ವಿಳಾಸದಲ್ಲಿ ಮನೆ ನಂಬರ್, ಪಿನ್‌ಕೋಡ್, ಫೋನ್ ನಂಬರ್ ಎಲ್ಲ ಸರಿಯಾಗಿ ಹಾಕು. ನಾನು ಬರೀ ಊರು, ಬೀದಿ ಹೆಸರು ಹಾಕಿದ್ದೆ, ಮೊದಲ ಪಿನ್ ಬರಲೇ ಇಲ್ಲ, ಎರಡನೇ ಸಲ ಕೇಳಿ ತರಿಸಿಕೊಂಡೆ. ಹೆಸರು ಪ್ಯಾನ್, ಬ್ಯಾಂಕ್, ಆಡ್‌ಸೆನ್ಸ್ ಮೂರರಲ್ಲೂ ಒಂದೇ ಇರಲಿ. ಅಮೆರಿಕದ ತೆರಿಗೆ ಫಾರಂ ಒಂದನ್ನು ಅಲ್ಲೇ ತುಂಬಬೇಕು, ಅದಕ್ಕೆ ನಾನು ಕೂತು ತುಂಬಿಸುತ್ತೇನೆ. 100 ಡಾಲರ್ ದಾಟಿದರೆ ಮುಂದಿನ ತಿಂಗಳು 21ರಿಂದ 26ರ ಒಳಗೆ ಕಳಿಸುತ್ತಾರೆ. ಹೊರದೇಶದ ದುಡ್ಡು ಅಂತ ಬ್ಯಾಂಕಿನವರು ಯಾವ ಕೆಲಸದ್ದು ಅಂತ ಕೇಳಬಹುದು, ಜಾಹೀರಾತು ಆದಾಯ ಅಂತ ಹೇಳು. ಆದಾಯ ತೆರಿಗೆ ರಿಟರ್ನ್‌ನಲ್ಲೂ ತೋರಿಸಬೇಕು.

ಭಾನುವಾರ ಮಧ್ಯಾಹ್ನ ಅಂಗಡಿಗೆ ಬಾ, ಸರ್ಚ್ ಕನ್ಸೋಲ್ ಜೋಡಿಸಿ ಕೊಡುತ್ತೇನೆ. ಬರುವಾಗ ಅಟ್ಟದ ಫೋಟೊ ತೆಗೆದುಕೊಂಡು ಬಾ, ಕೆಳಗಿನಿಂದ ಒಂದು, ಮೇಲಿನಿಂದ ಒಂದು, ಬೆಳಕಿರುವಾಗ.

ಭಾವ, ನೀವು ಹುಡುಗನ ಮೇಲೆ ಕೋಪ ಮಾಡಿಕೊಳ್ಳಬೇಡಿ, ತೋಟಕ್ಕೆ ನೀರು ಬಿಟ್ಟೇ ಬರೆಯುತ್ತಾನೆ. ನಿಮ್ಮಿಂದ ಒಂದು ಆಗಬೇಕು. ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟಿದೆಯಾ ಇಲ್ಲವಾ, ಇನ್ನೆಷ್ಟು ದಿನ ಬೇಕು ಅಂತ ಸದ್ದಿನಲ್ಲೇ ಹೇಳುತ್ತೀರಲ್ಲ. ಅದನ್ನು ನಾಲ್ಕು ಕಾಯಿ ಹಿಡಿದು ಒಂದೊಂದರ ಸದ್ದೂ ಕೇಳುವ ಹಾಗೆ ಹತ್ತು ನಿಮಿಷ ರೆಕಾರ್ಡ್ ಮಾಡಿ ಈ ಗ್ರೂಪಿಗೇ ಹಾಕಿ. ಪುಟ್ಟ ಅದನ್ನು ಕೇಳಿ ಬರೆಯಲಿ.